ಗಿಡ್ಡ ಟ್ಯೂಬಿನ ರಕ್ತ

ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸರ್ಜನ್ನಿನಿಂದ ಹಿಡಿದು ಸ್ಟ್ರೆಚರ್ ತಳ್ಳುವ ಮುದುಕನವರೆಗೆ ಎಲ್ಲರ ಬಾಯಲ್ಲೂ ಅವಳು ‘ಅಕ್ಕ’. ಆ ಮುದುಕನಿಗಂತೂ ಮೊಮ್ಮಕ್ಕಳಿದ್ದರು. ಆದರೂ ರಕ್ತದ ಟ್ಯೂಬು ಚಾಚುತ್ತ, “ಅಕ್ಕಾ, ಇದು ಅರ್ಜೆಂಟಂತೆ. ಈ ಆಸ್ಪತ್ರೇಲಿ ಅರ್ಜೆಂಟಲ್ದೇ ಇರೋದು ಅಂದ್ರೆ ನಮ್ಮಿಬ್ರ ಊಟ ಒಂದೇ,” ಎಂದು ಹಲ್ಲು ಕಿರಿಯುತ್ತಿದ್ದ.

ಅವಳು ನಿಜಕ್ಕೂ ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ, ಇವಳು ಶಾಲೆಗೆ ಹೋಗುತ್ತಿದ್ದಳು. ಅವನಿಗೆ ಉಣ್ಣಿಸಿ, ಅವನ ಮೂಗು ಒರೆಸಿ, ಅವನು ಮಲಗಿದ ಮೇಲೆ ಪುಸ್ತಕ ಬಿಚ್ಚಿ ಹೇಗೋ ಲ್ಯಾಬ್ ಕೋರ್ಸು ಮುಗಿಸಿದಳು. ಮದುವೆಯ ಮಾತು ಬಂದಾಗಲೆಲ್ಲ “ಇವನೊಂದು ದಡ ಸೇರಲಿ” ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಇವಳನ್ನು ಕೇಳುವವರೇ ಇರಲಿಲ್ಲ. ಅದಕ್ಕಾಗಿ ಅವಳೇನೂ ಕೊರಗಲಿಲ್ಲ. ಅವನು ಮೀಸೆ ಬಂದ ಗಂಡಸಾದರೂ ಅವಳ ಪಾಲಿಗೆ ‘ಮರಿ’ಯೇ ಆಗಿದ್ದ.

ಮರಿ ಕಿಟಕಿ, ಬಾಗಿಲು, ಅಂಗಡಿಗಳಿಗೆ ಗಾಜು ಕೂರಿಸುವ ಕೆಲಸ ಕಲಿತಿದ್ದ. ಬಾಯಿ ಬಿಟ್ಟರೆ ತಮಾಷೆ. ಊರೂರು ಸುತ್ತುತ್ತಿದ್ದ, ಕಟ್ಟುತ್ತಿರುವ ಕಟ್ಟಡಗಳಲ್ಲೇ ವಾರಗಟ್ಟಲೆ ಮಲಗುತ್ತಿದ್ದ. ಆ ದಿನಗಳಲ್ಲಿ ಎಲ್ಲಿದ್ದ, ಯಾರ ಜೊತೆಗಿದ್ದ ಎಂದು ಅವಳು ಕೇಳಿದವಳಲ್ಲ. ಮನೆಗೆ ಬಂದನಲ್ಲ, ಅಷ್ಟು ಸಾಕಿತ್ತು. ಈಗೀಗ ಊರಲ್ಲೇ ನಿಂತಿದ್ದ. ಚಪ್ಪಲಿ ಅಂಗಡಿಯೊಂದರ ಶೋಕೇಸಿಗೆ ಗಾಜು ಹಾಕಲು ಹೋದವನು ಅಲ್ಲಿ ಕೆಲಸಕ್ಕಿದ್ದ ಹುಡುಗಿಗೆ ಮನಸ್ಸು ಕೊಟ್ಟು ಬಂದಿದ್ದ. ಮಳೆಗಾಲ ಕಳೆದ ಮೇಲೆ ಮದುವೆ ಎಂದು ಎರಡೂ ಕಡೆ ಮಾತಾಗಿತ್ತು. ಅಕ್ಕ ಖುಷಿಯಿಂದಲೇ ಮನೆಗೆ ಸುಣ್ಣ ಹೊಡೆಸಿದ್ದಳು.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಹೊಸದೊಂದು ಕೆಲಸ ಶುರುವಾಯಿತು. ಎಮರ್ಜೆನ್ಸಿಗೆ ಬರುವವರಲ್ಲಿ ಎಷ್ಟು ಜನಕ್ಕೆ ಎಚ್‌ಐವಿ ಇದೆ ಎಂದು ತಿಳಿಯಬೇಕು ಎಂದು ಪ್ರೊಫೆಸರ್ ಮೇಡಂ ಹಟ ಹಿಡಿದಿದ್ದರು. ಗ್ಲೌಸು ಮುಗಿದರೆ ಬರಿಗೈಯಲ್ಲೇ ಹೊಲಿಗೆ ಹಾಕುವ ಜಾಗ ಅದು. ಎಷ್ಟು ಅಪಾಯ ಎಂದು ಲೆಕ್ಕ ತೋರಿಸದೆ ಮೇಲಿನವರು ಕಿವಿಗೊಡುವುದಿಲ್ಲ. ಆದರೆ ತಲೆ ಒಡೆದು ಪ್ರಜ್ಞೆ ತಪ್ಪಿ ಬಂದವನನ್ನು ಪರೀಕ್ಷೆ ಮಾಡಲೇ ಎಂದು ಕೇಳುವುದು ಹೇಗೆ? ಅದಕ್ಕೆ ಮೇಡಂ ದಾರಿಯೊಂದನ್ನು ಕಂಡುಕೊಂಡು ಒಪ್ಪಿಗೆಯನ್ನೂ ತಂದಿದ್ದರು. ಮಕ್ಕಳದ್ದನ್ನು ಬಿಟ್ಟು, ಬೇರೆ ಪರೀಕ್ಷೆಗೆಂದು ತೆಗೆದ ದೊಡ್ಡವರ ರಕ್ತದಲ್ಲಿ ಉಳಿದದ್ದನ್ನು, ಹೆಸರಿನ ಚೀಟಿ ಕಿತ್ತು, ಕಲಸಿ, ಬರೀ ನಂಬರು ಅಂಟಿಸಿ ಪರೀಕ್ಷಿಸುವುದು. ಯಾರದು ಎಂದು ಆಮೇಲೆ ದೇವರಿಗೂ ಹೇಳಲು ಬರಬಾರದು.

“ಯಾರ್ದು ಅಂತ ಹುಡುಕೋಕೆ ಹೋಗ್ಬಾರ್ದು, ಗೊತ್ತಾದ್ರೂ ಬಾಯಿ ಬಿಡ್ಬಾರ್ದು. ಈ ಮಾತು ಕೊಡೋರು ಮಾತ್ರ ಈ ಕೆಲಸಕ್ಕೆ ಬನ್ನಿ,” ಎಂದರು ಮೇಡಂ.

ಅಕ್ಕ ಮಾತು ಕೊಟ್ಟಳು. ದಿನವೂ ಟ್ಯೂಬುಗಳನ್ನು ಬಿಸಿನೀರಲ್ಲಿ ನೆನೆಸಿ ಉಗುರಿನಿಂದ ಚೀಟಿ ಎಬ್ಬಿಸುವುದು ಅವಳ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಎಮರ್ಜೆನ್ಸಿಯ ನರ್ಸಮ್ಮ ಏದುಸಿರು ಬಿಡುತ್ತ ಲ್ಯಾಬಿನ ಬಾಗಿಲಿಗೆ ಬಂದಳು. “ಅಕ್ಕಾ, ಗಾಬರಿ ಆಗ್ಬೇಡಿ. ನಿಮ್ಮ ತಮ್ಮ ಬಂದಿದಾನೆ. ಕೈ ಕೊಯ್ಕೊಂಡಿದಾನೆ.”

ಗಾಬರಿಯಾಗಬೇಡಿ ಎಂದ ಮೇಲೆ ಗಾಬರಿಯಾಗದೆ ಇದ್ದವರುಂಟೇ? ಅವಳು ಚಪ್ಪಲಿ ಹಾಕುವುದನ್ನೂ ಮರೆತು ಓಡಿದಳು. ಮೇಲಿನ ಮಹಡಿಗೆ ಏರಿಸುತ್ತಿದ್ದ ದೊಡ್ಡ ಗಾಜು ಜಾರಿ ಅವನ ಮುಂಗೈಯನ್ನು ಮೊಣಕೈವರೆಗೆ ಸೀಳಿತ್ತು. ಜೊತೆಯವರು ಯಾರದೋ ಅಂಗಿ ಸುತ್ತಿ ಕರೆತಂದಿದ್ದರು. ಅಂಗಿ ನೆನೆದು ತೊಟ್ಟಿಕ್ಕುತ್ತಿತ್ತು. ತಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಅಕ್ಕಾ, ಗಾಜಿಗೇನೂ ಆಗಿಲ್ಲ, ನಂಗೆ ಮಾತ್ರ ಬಿರುಕು ಬಿಟ್ಟಿದೆ.”

“ಬಾಯಿ ಮುಚ್ಚು.”

“ಸೂಜಿ ಚುಚ್ತಾರಂತೆ. ಬೇಕಾದ್ರೆ ಇನ್ನೊಂದು ಕೈ ಕೊಯ್ಯಲಿ, ಸೂಜಿ ಬೇಡ ಅನ್ನು.”

ಸೂಜಿ ಕಂಡರೆ ಅವನಿಗೆ ಚಿಕ್ಕಂದಿನಿಂದಲೂ ಜೀವ ಹೋಗುತ್ತಿತ್ತು. ರಕ್ತ ಕೊಡಬೇಕಾಗಬಹುದು, ಗುಂಪು ನೋಡಲು ತಕ್ಷಣ ರಕ್ತ ತೆಗೆಯಿರಿ ಎಂದು ಡಾಕ್ಟರು ಕೂಗಿದರು. ನರ್ಸಮ್ಮನ ತಟ್ಟೆಯಲ್ಲಿ ದೊಡ್ಡ ಟ್ಯೂಬುಗಳೆಲ್ಲ ಮುಗಿದು, ಮಕ್ಕಳಿಗೆ ಬಳಸುವ ಗಿಡ್ಡ ಟ್ಯೂಬುಗಳು ಮಾತ್ರ ಇದ್ದವು. ಇರಲಿ ಬಿಡು ಎಂದು ಅಕ್ಕ ಅದನ್ನೇ ತೆಗೆದುಕೊಂಡಳು. ಒಂದು ಕೈಯಿಂದ ಅವನ ಮುಖವನ್ನು ಆಚೆ ತಿರುಗಿಸಿ, ಗಾಯವಿಲ್ಲದ ತೋಳಿನಿಂದ ತಾನೇ ರಕ್ತ ಎಳೆದಳು. “ಆಯ್ತು ಮರಿ, ಆಗ್ಹೋಯ್ತು,” ಎಂದಳು, ಹಿಂದೆ ಲಸಿಕೆ ಹಾಕಿಸಲು ಕರೆದೊಯ್ದಾಗ ಹೇಳುತ್ತಿದ್ದ ಹಾಗೆಯೇ. ಕೊನೆಗೆ ರಕ್ತ ಕೊಡಬೇಕಾಗಲಿಲ್ಲ. ಹೊಲಿಗೆ ಹಾಕಿ, ಕೈಗೆ ದಪ್ಪ ಬಟ್ಟೆ ಸುತ್ತಿ, ಸಂಜೆಗೆ ಮನೆಗೆ ಕಳಿಸಿದರು.

ಮರುದಿನ ಎಂದಿನಂತೆ ಟ್ಯೂಬುಗಳನ್ನು ನೀರಿಗೆ ಹಾಕಿದಳು. ತಮ್ಮನ ಹೆಸರಿನ ಚೀಟಿ ಉಗುರಿಗೆ ಸಿಕ್ಕಾಗ ಒಂದು ಕ್ಷಣ ಕೈ ತಡೆಯಿತು. ಇದೊಂದನ್ನು ಪಕ್ಕಕ್ಕಿಡಲೇ ಎಂದುಕೊಂಡಳು. ಪಕ್ಕಕ್ಕಿಟ್ಟರೆ ಅನುಮಾನಪಟ್ಟ ಹಾಗಾಗುತ್ತದೆ, ನಮ್ಮ ಮರಿಗೆ ಏನು ಬಂದಿದೆ ದಾಡಿ ಎಂದುಕೊಂಡು ಚೀಟಿ ಕಿತ್ತು ಬುಟ್ಟಿಗೆ ಹಾಕಿದಳು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿ ಟ್ಯೂಬುಗಳನ್ನು ಕಲಸಿ ನಂಬರು ಅಂಟಿಸಿದಳು. ಆದರೆ ಎಷ್ಟು ಕಲಸಿದರೇನು, ಆ ಸ್ಟ್ಯಾಂಡಿನಲ್ಲಿ ಗಿಡ್ಡ ಟ್ಯೂಬು ಇದ್ದುದು ಒಂದೇ.

ಪರೀಕ್ಷೆಯ ಕಾಗದದ ಪಟ್ಟಿಗಳನ್ನು ಸಾಲಾಗಿ ಹಾಸಿ, ಒಂದೊಂದಕ್ಕೂ ಒಂದೊಂದು ಹನಿ ರಕ್ತ ಬಿಟ್ಟು ಕಾಯಬೇಕು. ಒಂದು ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಇದೆ. ಕಾಯುವ ಹೊತ್ತಿನಲ್ಲಿ ಇಬ್ಬರೂ ಟೀ ಕುಡಿದರು. ಬಂದು ನೋಡಿದಾಗ ಒಂದು ಗೆರೆಯ ಪಟ್ಟಿಗಳ ನಡುವೆ ಎರಡು ಗೆರೆಯದ್ದೊಂದಿತ್ತು. ಅದರ ನಂಬರು ನೋಡಿ ಅಕ್ಕ ಟ್ಯೂಬುಗಳ ಕಡೆ ತಿರುಗಿದಳು. ಅದೇ ನಂಬರು ಗಿಡ್ಡ ಟ್ಯೂಬಿನ ಮೇಲಿತ್ತು. ಬೇರೆ ಕಂಪನಿಯ ಪಟ್ಟಿ ತೆಗೆದಳು. ಎರಡು ಗೆರೆ. ಮೂರನೆಯದು ತೆಗೆದಳು. ಅದರಲ್ಲೂ ಎರಡು, ಬೆರಳಿಂದ ಎಳೆದಷ್ಟು ಸ್ಪಷ್ಟವಾಗಿ.

“ಯಾಕಕ್ಕ, ಮೂರು ಮೂರು ಪಟ್ಟಿ?” ಎಂದಳು ಜೊತೆಯ ಹುಡುಗಿ.

“ಪಟ್ಟಿ ಸರಿ ಇದ್ಯಾ ಅಂತ ನೋಡ್ದೆ ಕಣೆ,” ಎಂದಳು ಅಕ್ಕ.

ಅವಳು ನೇರ ಮೇಡಂ ಕೋಣೆಗೆ ಹೋದಳು. ಕುಳಿತುಕೊಳ್ಳದೆ ನಿಂತೇ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನ್ನೆ ಇನ್ನೊಬ್ರ ರಕ್ತಾನೂ ಗಿಡ್ಡ ಟ್ಯೂಬಲ್ಲಿ ತೆಗೆದಿರ್ಬೋದಲ್ವಾ?”

“ಆ ಸ್ಟ್ಯಾಂಡಲ್ಲಿ ಇದ್ದಿದ್ದು ಒಂದೇ ಮೇಡಂ. ತೆಗೆದೋಳು ನಾನೇ.”

“ನೋಡಮ್ಮ, ನಿಂಗೆ ಗೊತ್ತಾಗಿರೋದು ರಿಪೋರ್ಟ್ ಅಲ್ಲ. ಅವನ ಹೆಸರಲ್ಲಿ ಯಾವ ಪರೀಕ್ಷೇನೂ ಆಗಿಲ್ಲ. ಅವನು ತಾನಾಗೇ ಬಂದು, ತನ್ನ ಹೆಸರಲ್ಲಿ ರಕ್ತ ಕೊಡ್ಬೇಕು. ಹೇಗಾದ್ರೂ ಮಾಡಿ ಕರ್ಕೊಂಡು ಬಾ. ಮಾತ್ರೆ ಇದೆ, ತಗೊಂಡ್ರೆ ಎಲ್ಲರ ಹಾಗೆ ಬದುಕ್ಬೋದು.”

“ಬರ್ದೇ ಇದ್ರೆ? ಅವನಿಗೆ ಮದುವೆ ಗೊತ್ತಾಗಿದೆ ಮೇಡಂ. ಆ ಹುಡುಗಿಗೆ…”

“ಆ ಹುಡುಗಿಗೆ ನೀನು ಏನಂತ ಹೇಳ್ತೀಯ? ಇವತ್ತು ಈ ಲ್ಯಾಬಿಂದ ಒಬ್ಬರ ಹೆಸರು ಹೊರಗೆ ಹೋಯ್ತು ಅಂದ್ರೆ, ನಾಳೆ ಈ ಊರಲ್ಲಿ ಒಬ್ಬರೂ ಪರೀಕ್ಷೆಗೆ ಕೈ ಚಾಚಲ್ಲ. ನಂಗೂ ಸಂಕಟ ಆಗುತ್ತೆ. ಆದ್ರೂ ಬೇಡ.”

ಮೇಡಂ ಕಲ್ಲೆದೆಯವರಾಗಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಅವರ ಕಣ್ಣೂ ಒದ್ದೆಯಾಗಿತ್ತು.

ಮನೆಯಲ್ಲಿ ತಮ್ಮ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ. ಅಕ್ಕ ಊಟ ಕಲಸಿ ತುತ್ತು ಕೊಟ್ಟಳು. ಬಿಸಿ ತಾಗಿದಾಗ ಅವನು ಮುಖ ಕಿವುಚಿದ. ಬಾಯಲ್ಲಿ ಹುಣ್ಣು. ಹಲವು ತಿಂಗಳಿಂದ ಬಂದು ಹೋಗಿ ಮಾಡುತ್ತಿದ್ದ ಹುಣ್ಣು. ಕೊರಳ ಮೂಳೆಯೂ ಎದ್ದು ಕಾಣುತ್ತಿತ್ತು. ಹೊರಗಿನ ಊಟದಿಂದ ಸೊರಗಿದ್ದಾನೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

“ಮರಿ, ಮದುವೆಗೆ ಮುಂಚೆ ನೀನೊಂದು ರಕ್ತ ಪರೀಕ್ಷೆ ಮಾಡಿಸ್ಬೇಕು.”

“ಮತ್ತೆ ಸೂಜಿನಾ? ಹೋಗಕ್ಕ. ನಿನ್ನೆ ತೆಗೆದಿದ್ದು ಏನ್ ಮಾಡ್ದೆ, ಕುಡಿದ್ಬಿಟ್ಯಾ?”

“ತಮಾಷೆ ಬೇಡ. ಎಲ್ಲರೂ ಮಾಡಿಸ್ತಾರೆ ಈಗ.”

“ಎಲ್ಲರೂ ಮಾಡಿಸ್ಲಿ ಬಿಡು, ನಂಗೇನಾಗಿದೆ?”

ಎಷ್ಟು ಸುತ್ತಿ ಬಳಸಿದರೂ ಅವನು ನಕ್ಕು ಜಾರಿಕೊಂಡ. ಕೊನೆಗೆ ಅವಳ ಬಾಯಿಂದ ನಿಜ ಬಿದ್ದೇಹೋಯಿತು. ಅವನ ನಗು ಅರ್ಧಕ್ಕೆ ನಿಂತಿತು. ತುತ್ತು ಹಿಡಿದ ಅವಳ ಕೈಯನ್ನು ದೂರ ತಳ್ಳಿದ.

“ಪರೀಕ್ಷೆ ಮಾಡೋಕೆ ಮುಂಚೆ ನನ್ನ ಕೇಳಿದ್ಯಾ?”

“ಯಾರನ್ನೂ ಕೇಳಲ್ಲ ಮರಿ. ಅದು ಹೆಸರಿಲ್ಲದ ಪರೀಕ್ಷೆ.”

“ಹೆಸರಿಲ್ಲದ್ದು ಅಂತೀಯ, ಮತ್ತೆ ನನ್ನ ಹೆಸರು ಹಿಡ್ಕೊಂಡೇ ಹೇಳ್ತಿದೀಯ!”

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

“ಮಾತ್ರೆ ಇದೆಯಂತೆ ಮರಿ. ನಾಳೆನೇ ಹೋಗೋಣ. ನಾನೇ ಪಕ್ಕದಲ್ಲಿರ್ತೀನಿ.”

“ನಂಗೇನೂ ಇಲ್ಲ. ಯಾರದೋ ಟ್ಯೂಬು, ಯಾರದೋ ರೋಗ. ಅವಳ ಹತ್ರ ಏನಾದ್ರೂ ಬಾಯಿ ಬಿಟ್ಟೆ ಅಂದ್ರೆ, ನಿಂಗೆ ತಮ್ಮ ಇಲ್ಲ ಅಂದ್ಕೋ.” ಎದ್ದು, ಒಂದೇ ಕೈಯಲ್ಲಿ ಒದ್ದಾಡುತ್ತ ಅಂಗಿ ಸಿಕ್ಕಿಸಿಕೊಂಡು ಹೊರಟ. ಗುಂಡಿ ಹಾಕಲು ಅವಳು ಹತ್ತಿರ ಹೋದಳು. ಅವನು ಹಿಂದೆ ಸರಿದ.

ಆಮೇಲಿನ ದಿನಗಳಲ್ಲಿ ಅವನು ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಮಾತು ಮಾತ್ರ ಇರಲಿಲ್ಲ. ಮದುವೆ ಹತ್ತಿರ ಬಂದಂತೆ ಅಕ್ಕನಿಗೆ ಆ ಮಾತನ್ನು ಉಗುಳುವಂತಿಲ್ಲ, ನುಂಗುವಂತಿಲ್ಲ ಎನ್ನುವ ಹಾಗಾಯಿತು. ಒಂದು ಮಧ್ಯಾಹ್ನ ರಜೆ ಹಾಕಿ ಚಪ್ಪಲಿ ಅಂಗಡಿಗೆ ಹೋದಳು.

ಅಂಗಡಿಯ ತುಂಬ ಹೊಸ ಚರ್ಮದ, ಅಂಟಿನ ವಾಸನೆ. ಸೂರಿನವರೆಗೆ ಪೇರಿಸಿದ ಡಬ್ಬಿಗಳು. ಹುಡುಗಿ ನೆಲದ ಮೇಲೆ ಕೂತು ದಪ್ಪ ಹೆಂಗಸೊಬ್ಬಳ ಪಾದಕ್ಕೆ ಬೂಟು ತುರುಕುತ್ತಿದ್ದಳು. ಇವಳನ್ನು ನೋಡಿ ಅವಳ ಮುಖದಲ್ಲಿ ನಗು ಬರಬೇಕಿತ್ತು, ಬರಲಿಲ್ಲ.

“ಕೂತ್ಕೊಳಿ ಅಕ್ಕ. ಯಾವ ಸೈಜು?”

“ಚಪ್ಪಲಿಗೆ ಬಂದಿಲ್ಲ ಕಣಮ್ಮ. ನಿನ್ನ ಹತ್ರ ಒಂದು ಮಾತು ಇತ್ತು.”

“ಬರ್ತೀರ ಅಂತ ಅವ್ರು ಹೇಳಿದ್ರು,” ಎಂದಳು ಹುಡುಗಿ, ಬೂಟಿನ ದಾರ ಬಿಗಿಯುತ್ತ. “ನಿಮ್ಮ ಗೆಳತಿ ಮಗಳನ್ನ ಅವ್ರಿಗೆ ತಂದ್ಕೋಬೇಕು ಅಂತ ನಿಮಗೆ ಆಸೆ ಇತ್ತಂತೆ. ಅವ್ರು ಒಪ್ಪಲಿಲ್ಲ ಅಂತ, ಇದನ್ನ ಮುರಿಯೋಕೆ ಏನೇನೋ ಹೇಳ್ತೀರಂತೆ. ನಾನು ನಂಬಿರ್ಲಿಲ್ಲ. ಈಗ ನೋಡಿದ್ರೆ ಬಂದೇಬಿಟ್ರಿ.”

ಅಕ್ಕನಿಗೆ ಮಗಳಿರುವ ಗೆಳತಿಯೇ ಇರಲಿಲ್ಲ. ಮರಿ ಎಷ್ಟು ಚೆನ್ನಾಗಿ ಸುಳ್ಳು ಹೆಣೆದಿದ್ದ!

“ಅದೆಲ್ಲ ಸುಳ್ಳಮ್ಮ. ನಾನು ಕೇಳೋದು ಇಷ್ಟೇ. ಮದುವೆಗೆ ಮುಂಚೆ ಇಬ್ಬರೂ ಒಂದು ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ.”

“ಯಾತಕ್ಕೆ?”

ಅವಳು ಬಾಯಿ ತೆರೆದಳು. ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ನಾಲಿಗೆಯ ತುದಿಯಲ್ಲಿ ಮೇಡಂಗೆ ಕೊಟ್ಟ ಮಾತು ಕೂತಿತ್ತು, ಮರಿ ಹಾಕಿದ ಬೆದರಿಕೆ ಕೂತಿತ್ತು. ಬೂಟು ಹಾಕಿಕೊಂಡ ಹೆಂಗಸು ಕಿವಿ ನಿಮಿರಿಸಿಕೊಂಡು ಇವಳನ್ನೇ ನೋಡುತ್ತಿದ್ದಳು.

“ಯಾತಕ್ಕೂ ಒಳ್ಳೇದು,” ಎಂದಳು ಅಕ್ಕ.

“ಬಿಗಿಯಾಗುತ್ತೆ, ಇನ್ನೊಂದು ಸೈಜು ದೊಡ್ಡದು ಕೊಡು,” ಎಂದಳು ಹೆಂಗಸು. ಹುಡುಗಿ ಎದ್ದು ಏಣಿ ಹತ್ತಿದಳು. ಮೇಲಿನಿಂದ ಡಬ್ಬಿ ತೆಗೆಯುತ್ತ, ಇತ್ತ ತಿರುಗದೆಯೇ ಹೇಳಿದಳು: “ನಿಮ್ಮನ್ನ ಅತ್ತೆ ಥರ ನೋಡ್ಕೋಬೇಕು ಅಂತಿದ್ದೆ ಅಕ್ಕ. ಹೋಗಿ ಬನ್ನಿ.”

ಮದುವೆ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ ಮುಗಿಯಿತು. ಅಕ್ಕನನ್ನೂ ಕರೆದಿದ್ದರು. ಅವಳು ಮೂಲೆಯಲ್ಲಿ ನಿಂತು, ಎಲ್ಲರೂ ನಕ್ಕಾಗ ನಕ್ಕಳು. ಗಂಡ ಹೆಂಡತಿ ಊರಿನ ಆ ತುದಿಯಲ್ಲಿ ಮನೆ ಮಾಡಿದರು. ಸುಣ್ಣ ಹೊಡೆದ ಮನೆಯಲ್ಲಿ ಇವಳೊಬ್ಬಳೇ ಉಳಿದಳು.

ಸ್ವಲ್ಪ ದಿನಕ್ಕೆ ಆಸ್ಪತ್ರೆಯ ಸಭೆಯಲ್ಲಿ ಮೇಡಂ ಫಲಿತಾಂಶ ಓದಿದರು. ಎಮರ್ಜೆನ್ಸಿಗೆ ಬಂದ ನೂರು ಜನರಲ್ಲಿ ಏಳು ಮಂದಿ.

“ಅಂಥಾ ಜನಾನೇ ಇರ್ತಾರೆ ಬಿಡಿ,” ಎಂದರು ಒಬ್ಬ ಹಿರಿಯ ಡಾಕ್ಟರು.

“ಎಂಥಾ ಜನ ಸರ್?” ಎಂದರು ಮೇಡಂ. “ಏಣಿಯಿಂದ ಬಿದ್ದೋರು, ಹೆರಿಗೆ ನೋವು ಅಂತ ಬಂದೋರು, ಅಪೆಂಡಿಕ್ಸ್ ಅಂತ ಬಂದೋರು. ನಾವು ನೀವು ದಿನಾ ಮುಟ್ಟೋ ಜನಾನೇ.”

“ಆ ಏಳು ಜನ ಈಗ ಎಲ್ಲಿದಾರೆ?” ಎಂದು ನರ್ಸಮ್ಮ ಹಿಂದಿನ ಸಾಲಿನಿಂದ ಕೇಳಿದಳು.

“ಮನೇಲಿದಾರೆ. ಅವ್ರಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.”

ಹಾಗೆನ್ನುವಾಗ ಮೇಡಂ ಅಕ್ಕನ ಕಡೆ ನೋಡಲಿಲ್ಲ. ಅಕ್ಕನೂ ಸೆರಗಿನ ಅಂಚನ್ನೇ ಬೆರಳಿಗೆ ಸುತ್ತುತ್ತ ಕೂತಿದ್ದಳು. ಆ ಲೆಕ್ಕದಿಂದ ಒಳ್ಳೆಯದೂ ಆಯಿತು. ಗ್ಲೌಸಿನ ಪೆಟ್ಟಿಗೆಗಳು ಬಂದವು. ಎಮರ್ಜೆನ್ಸಿಯ ಪಕ್ಕದಲ್ಲೇ, ಪರೀಕ್ಷೆ ಬೇಕೆಂದವರಿಗೆ ಒಂದು ಕೋಣೆ ತೆರೆದರು. ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಅಕ್ಕ ಬೆಂಚಿನ ಮೇಲೆ ಕೂತವರ ಮುಖಗಳನ್ನು ನೋಡುತ್ತಿದ್ದಳು. ಮರಿ ಇರುತ್ತಿರಲಿಲ್ಲ. ಫೋನು ಮಾಡಿದರೆ “ಚೆನ್ನಾಗಿದೀನಿ” ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಎರಡು ಸಲ ಅವರ ಬೀದಿಯವರೆಗೂ ಹೋದಳು. ಮನೆಯ ಮೆಟ್ಟಿಲ ಮೇಲೆ ಹುಡುಗಿಯ ಚಪ್ಪಲಿ ನೋಡಿ ಹಾಗೇ ಹಿಂದಿರುಗಿದಳು.

ಎರಡು ವರ್ಷ ಹೀಗೇ ಸವೆದ ಮೇಲೆ, ಸ್ಟ್ರೆಚರ್ ತಳ್ಳುವ ಮುದುಕ ಒಂದು ದಿನ ಬರಿಗೈಯಲ್ಲಿ ಲ್ಯಾಬಿಗೆ ಬಂದು ನಿಂತ. ತಮಾಷೆಯ ಮಾತಿಲ್ಲ. “ಅಕ್ಕಾ, ಬಾ,” ಎಂದಷ್ಟೇ ಹೇಳಿದ.

ಮರಿಯನ್ನು ಅವಳು ಮೊದಲಿಗೆ ಗುರುತಿಸಲಿಲ್ಲ. ಮಂಚದ ಮೇಲೆ ಮೂಳೆ ಚಕ್ಕಳ ಬಿದ್ದಿತ್ತು, ಒಂದೊಂದು ಉಸಿರಿಗೂ ಹೆಗಲು ಏರಿ ಇಳಿಯುತ್ತಿತ್ತು. ಮುಂಗೈಯ ಮೇಲಿನ ಉದ್ದನೆಯ ಹೊಲಿಗೆಯ ಕಲೆ ಕಂಡ ಮೇಲೆಯೇ ಇವನೇ ಎಂದು ಖಾತ್ರಿಯಾಯಿತು. ಪಕ್ಕದಲ್ಲಿ ಹುಡುಗಿ ನಿಂತಿದ್ದಳು. ಎಚ್‌ಐವಿ ಪರೀಕ್ಷೆ ಮಾಡಲೇ ಎಂದು ಡಾಕ್ಟರು ಕೇಳಿದರು, ಈ ಸಲ ಅವನು ತಲೆಯಾಡಿಸಿ ಒಪ್ಪಿದ. ಪರೀಕ್ಷೆಯ ಫಲ ಏನೆಂದು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರ ಹಿಂದೆಯೇ ಹುಡುಗಿಯ ರಕ್ತವನ್ನೂ ತೆಗೆದರು. ಅವಳಿಗೂ ಎರಡು ಗೆರೆ.

ಮಾತ್ರೆ ಶುರು ಮಾಡಿದರು. ಆದರೆ ಶ್ವಾಸಕೋಶ ಅಷ್ಟರಲ್ಲೇ ಕೆಟ್ಟುಹೋಗಿತ್ತು. ಹುಡುಗಿ ಔಷಧಿ ತರಲು ಹೋದಾಗ ಮರಿ ಆಮ್ಲಜನಕದ ಮುಖವಾಡವನ್ನು ಪಕ್ಕಕ್ಕೆ ಸರಿಸಿದ.

“ಅಕ್ಕಾ… ಆ ಕೋಣೆ ಬಾಗಿಲವರೆಗೂ ಬಂದಿದ್ದೆ. ಮದುವೆ ಆದ್ಮೇಲೆ. ಬೆಂಚಲ್ಲಿ ಗೊತ್ತಿರೋನೊಬ್ಬ ಕೂತಿದ್ದ. ವಾಪಸ್ ಹೋದೆ.”

“ಮಾತಾಡ್ಬೇಡ ಮರಿ.”

“ಇನ್ನೊಂದಿನ ಬಂದೆ. ಯಾರೂ ಇರ್ಲಿಲ್ಲ. ಆವತ್ತೂ ಹೋದೆ.” ಉಸಿರು ಸಾಲದೆ ನಿಲ್ಲಿಸಿದ. “ನಿಜ ಅಂತ ಗೊತ್ತಾಗೋದು ಬೇಡವಾಗಿತ್ತು.”

ಅವಳು ಮುಖವಾಡವನ್ನು ಮತ್ತೆ ಕೂರಿಸಿ ಅವನ ಕೂದಲು ನೇವರಿಸಿದಳು. ಆ ವಾರ ದಾಟುವ ಮೊದಲೇ, ಮಧ್ಯಾಹ್ನ ವಾರ್ಡಿನಲ್ಲಿ ಊಟದ ತಟ್ಟೆಗಳು ಸದ್ದು ಮಾಡುತ್ತಿದ್ದಾಗ, ಅವನ ಹೆಗಲು ಏರುವುದು ನಿಂತುಹೋಯಿತು.

ಎಲ್ಲ ಮುಗಿದು ಸ್ವಲ್ಪ ದಿನವಾದ ಮೇಲೆ ಹುಡುಗಿ ಮಾತ್ರೆ ತೆಗೆದುಕೊಂಡು ಹೋಗಲು ಆಸ್ಪತ್ರೆಗೆ ಬಂದಳು. ಅಕ್ಕ ಅವಳನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿ ಟೀ ತಂದುಕೊಟ್ಟಳು. ಹುಡುಗಿ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

“ನಿಮಗೆ ಆವತ್ತೇ ಗೊತ್ತಿತ್ತು ಅಲ್ವಾ?”

ಅಕ್ಕ ತಲೆ ತಗ್ಗಿಸಿದಳು.

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳ್ಬಾರ್ದು ಅಂತಿತ್ತು ಕಣಮ್ಮ. ಮಾತು ಕೊಟ್ಟಿದ್ದೆ. ಆಸ್ಪತ್ರೆಯೋರು…”

“ಅವ್ರ ಜೊತೆ ಸಂಸಾರ ಮಾಡ್ಬೇಕಾಗಿದ್ದು ಆಸ್ಪತ್ರೇನಾ?” ಹುಡುಗಿಯ ದನಿ ಏರಲಿಲ್ಲ. “ನಾನು ನಂಬ್ತಿರ್ಲಿಲ್ಲ, ನಿಜ. ಬೈತಿದ್ದೆ. ಅಂಗಡಿಯಿಂದ ಆಚೆ ಹಾಕ್ತಿದ್ದೆ. ಆದ್ರೆ ನೀವು ಬಂದಿದ್ದು ಒಂದೇ ಸಲ. ಅದೂ ರೋಗದ ಹೆಸ್ರು ಕೂಡ ಹೇಳ್ಲಿಲ್ಲ. ಹತ್ತು ಸಲ ಬಂದಿದ್ರೆ, ಒಂದು ಸಲಕ್ಕಾದ್ರೂ ನಂಗೆ ಅನುಮಾನ ಬರ್ತಿತ್ತು.”

ಅಕ್ಕ ಕೈ ಚಾಚಿ ಹುಡುಗಿಯ ಬೆನ್ನ ಮೇಲಿಟ್ಟಳು. ಹುಡುಗಿ ಅದನ್ನು ತಳ್ಳಲೂ ಇಲ್ಲ, ಅದಕ್ಕೆ ಒರಗಲೂ ಇಲ್ಲ. ಟೀ ಆರಿ ಕೆನೆ ಕಟ್ಟಿತು.

ಎಮರ್ಜೆನ್ಸಿಯ ಬಾಗಿಲಿಗೆ ಗಾಡಿಯೊಂದು ಕಿರುಚುತ್ತ ಬಂದು ನಿಂತಿತು. ಯಾರನ್ನೋ ಇಳಿಸುತ್ತಿದ್ದರು. “ಅಕ್ಕಾ!” ಎಂದು ನರ್ಸಮ್ಮ ಒಳಗಿನಿಂದ ಕೂಗಿದಳು.

“ಹೋಗಿ, ಕರೀತಿದಾರೆ,” ಎಂದಳು ಹುಡುಗಿ. ಲೋಟವನ್ನು ಕಟ್ಟೆಯ ಮೇಲಿಟ್ಟು, ಮಾತ್ರೆಯ ಚೀಲವನ್ನು ಹೆಗಲಿಗೇರಿಸಿ, ಅಂಗಡಿ ತೆರೆಯುವ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು.